ಸೇವೆಯ ಕರೆಗೆ ಕಾಯುತ್ತಿರುವವರು ಕೇಳಿ: ನಿವೃತ್ತ ಸಭಾಪಾಲಕರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ವಂದನೆ. ಈ ಶನಿವಾರದ ಪ್ರಶ್ನೋತ್ತರ, ಸಭೆಯ ಸೇವೆಗೆ ಅಂದರೆ ಪಾದ್ರಿಯ ಕೆಲಸಕ್ಕೆ ದೇವರ ಕರೆ ಬರಲಿ ಎಂದು ಕಾಯುತ್ತಿರುವವರಿಗೆ. ಉತ್ತರ ಕೊಡುವವರು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ ನಿವೃತ್ತ ಸಭಾಪಾಲಕರು, ಅಂದರೆ ಪಾದ್ರಿ. ಹಳೇ ಮೈಸೂರು ಕಡೆಯ ಹಳ್ಳಿ ಸಭೆಗಳಲ್ಲಿ ಇದ್ದವರು. ಸೇವೆಗೆ ಬರುವ ಅಭ್ಯರ್ಥಿಗಳನ್ನು ಸಂದರ್ಶನ ಮಾಡುವ ಸಮಿತಿಯಲ್ಲೂ ಇದ್ದರು. ಇಲ್ಲಿ ನಾವೆಲ್ಲ ಅವರನ್ನು ಅಯ್ಯನವರು ಎಂದೇ ಕರೆಯುತ್ತೇವೆ. ಒಬ್ಬರಿಗೆ ಒಂದೇ ಪ್ರಶ್ನೆ. ಫಾರ್ವರ್ಡ್ ಬೇಡ. ಸಭೆ ಸಭೆಗಳ ಜಗಳ ಬೇಡ.

ತುಮಕೂರು ಬಿಕಾಂ: ಅಯ್ಯನವರೇ, ಸ್ತೋತ್ರ. ನನಗೆ 23. ಬಿಕಾಂ ಮುಗಿದಿದೆ. ಹೈಸ್ಕೂಲಿನಿಂದಲೂ ಸೇವೆಯ ಮೇಲೇ ಮನಸ್ಸು. ಆದರೆ ಬೈಬಲಿನ ಹುಡುಗ ಸಮುವೇಲನಿಗೆ ಕೇಳಿಸಿದ ಹಾಗೆ ಧ್ವನಿ ಯಾವುದೂ ಕೇಳಿಸಿಲ್ಲ. ಕರೆ ಬಂದಿದೆ ಎಂದು ಗೊತ್ತಾಗುವುದು ಹೇಗೆ?

ಅಯ್ಯನವರು: ಸಮುವೇಲನಿಗೆ ಧ್ವನಿ ಕೇಳಿಸಿತು, ನಿಜ. ಅದು ಯಾರ ಧ್ವನಿ ಎಂದು ಅವನಿಗೆ ತಿಳಿಯಲಿಲ್ಲ ಅಲ್ವಾ? ಮೂರು ಸಲ ಎದ್ದು ಯಾಜಕ ಏಲಿಯ ಹತ್ತಿರ ಓಡಿದ. ಗುರುತು ಹಿಡಿದದ್ದು ಕಣ್ಣು ಮಂಜಾಗಿದ್ದ ಆ ಮುದುಕ. ಅಂತಿಯೋಕ್ಯದಲ್ಲೂ ಹಾಗೇ ಆಯಿತು. ಬಾರ್ನಬ ಮತ್ತು ಸೌಲನನ್ನು (ಮುಂದೆ ಪೌಲ ಎನಿಸಿದವನು) ಸೇವೆಗೆ ಬೇರ್ಪಡಿಸಿ ಎಂದು ಪವಿತ್ರಾತ್ಮ ಹೇಳಿದ್ದು ಸಭೆಯವರು ಉಪವಾಸವಿದ್ದು ಆರಾಧಿಸುತ್ತಿದ್ದಾಗ. ಅಪೊಸ್ತಲರ ಕೃತ್ಯಗಳು 13 ಓದಿ. ಸೌಲನೊಬ್ಬನ ಕಿವಿಯಲ್ಲಿ ಗುಟ್ಟಾಗಿ ಹೇಳಿ ಕಳಿಸಲಿಲ್ಲ.

ಸಂದರ್ಶನದಲ್ಲಿ ನಾವು ಹುಡುಗರನ್ನು ಕೇಳುತ್ತಿದ್ದದ್ದು ಇಷ್ಟೇ. 'ನಿನಗೆ ಕರೆ ಇದೆ ಎಂದು ನಿನ್ನನ್ನು ಬಿಟ್ಟು ಇನ್ಯಾರಿಗೆ ಅನ್ನಿಸಿದೆ?' ಬಹಳ ಜನ ಇಲ್ಲೇ ತಡವರಿಸುತ್ತಿದ್ದರು. ನಿಮ್ಮ ಸಂಡೇ ಸ್ಕೂಲ್ ಟೀಚರನ್ನು ಕೇಳಿ, ನಿಮ್ಮ ಸಭಾಪಾಲಕರನ್ನು ಕೇಳಿ. ನಿಮ್ಮ ಕೋಪ ನೋಡಿರುವ ಹಿರಿಯರೊಬ್ಬರನ್ನೂ ಕೇಳಿ. ಹೊಗಳುವವರ ಹತ್ತಿರ ಹೋಗಬೇಡಿ. ಅವರೆಲ್ಲ ಹೌದು ಎಂದರೆ ಸಭೆಯ ಶಿಫಾರಸು ಪತ್ರಕ್ಕೆ ಅರ್ಜಿ ಕೊಡಿ.

ಹೊಸಪೇಟೆ: ಸೇವೆಗೆ ಸೇರಲು ವಯಸ್ಸಿನ ಮಿತಿ ಎಷ್ಟು ಅಯ್ಯನವರೇ?

ಅಯ್ಯನವರು: ಒಂದೊಂದು ಸಭಾಪ್ರಾಂತ್ಯದಲ್ಲಿ ಒಂದೊಂದು ಲೆಕ್ಕ. ನಿಮ್ಮ ಬಿಷಪ್ ಆಫೀಸಿನಲ್ಲಿ ಕೇಳಿ.

ದಾವಣಗೆರೆ ಬ್ರದರ್: ಪ್ರೈಸ್ ದ ಲಾರ್ಡ್. ಎಲ್ಲರಿಗೂ ಉಪಯೋಗ ಆಗಲಿ ಎಂದು ಹಾಕುತ್ತಿದ್ದೇನೆ. 'ಕರೆಯ ಬಾಗಿಲು ತೆರೆಯುವ 21 ದಿನದ ಪ್ರಾರ್ಥನೆ. ಬೆಳಗಿನ ಜಾವ 3 ಗಂಟೆಗೆ ಏಳಿ. ನಿಮ್ಮ ಹೆಸರು ಬರೆದ ಚೀಟಿಯನ್ನು ಯೆರೆಮೀಯ 29:11 ಇರುವ ಪುಟದಲ್ಲಿ ಇಡಿ. ಏಳು ಸಲ ಎಣ್ಣೆ ಹಚ್ಚಿ. ನೀರು ಬಿಟ್ಟು ಬೇರೇನೂ ಮುಟ್ಟಬೇಡಿ. 22ನೇ ದಿನ ಫೋನ್ ಬರುತ್ತದೆ. 12 ಜನಕ್ಕೆ ಕಳಿಸದಿದ್ದರೆ ಆಶೀರ್ವಾದ ತಡೆಯಾಗುತ್ತದೆ.'

ಅಯ್ಯನವರು: ಫಾರ್ವರ್ಡ್ ಬೇಡ ಎಂದು ಅಡ್ಮಿನ್ ಹೇಳಿ ಇನ್ನೂ ಅರ್ಧ ಗಂಟೆ ಆಗಿಲ್ಲ.

ಯೆರೆಮೀಯ 29:11 ಚೀಟಿ ಇಡುವ ಜಾಗವಲ್ಲ. ಅದು ಬಾಬೆಲಿಗೆ ಸೆರೆಹೋದ ಜನಕ್ಕೆ ಯೆರೆಮೀಯ ಬರೆದ ಕಾಗದ. 'ನಿಮಗೆ ಒಳ್ಳೆಯ ಗತಿ ಕಾಣಿಸಬೇಕೆಂದಿದ್ದೇನೆ' ಎಂಬ 11ನೇ ವಚನ ಎಲ್ಲರ ಮನೆ ಕ್ಯಾಲೆಂಡರಿನಲ್ಲೂ ಇದೆ. ಅದರ ತಲೆಯ ಮೇಲೇ ಇರುವ 10ನೇ ವಚನ ಯಾರ ಗೋಡೆಯ ಮೇಲೂ ಇಲ್ಲ. ಅಲ್ಲಿ 70 ವರ್ಷ ಎಂದಿದೆ! 5ನೇ ವಚನದಲ್ಲಿ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಬೆಳೆದದ್ದನ್ನು ತಿನ್ನಿ ಎಂದಿದೆ. ತಿನ್ನಿ ಎಂದು. ಉಪವಾಸ ಮಾಡಿ ಎಂದಲ್ಲ. ಹಾಗೇ ಒಂದು ಪುಟ ಹಿಂದೆ ತಿರುಗಿಸಿ 28ನೇ ಅಧ್ಯಾಯ ಓದಿ. ಇನ್ನು ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲೇ ನಿಂತು ಸಾರಿದ. ಜನಕ್ಕೆ ಯಾರ ಮಾತು ಹಿಡಿಸಿರಬೇಕು ಎಂದು ಯೋಚಿಸಿ.

12 ಜನಕ್ಕೆ ಕಳಿಸದಿದ್ದರೆ ತಡೆಯಾಗುವ ಆಶೀರ್ವಾದ ದೇವರದ್ದಲ್ಲ. ಅಡ್ಮಿನ್, ದಯವಿಟ್ಟು ಅಳಿಸಿ.

ದಾವಣಗೆರೆ ಬ್ರದರ್: ಒಳ್ಳೆಯದಾಗಲಿ ಎಂದೇ ಹಾಕಿದ್ದು. ನನ್ನ ಅಕ್ಕನ ಮಗನಿಗೆ 19ನೇ ದಿನಕ್ಕೇ ಫೋನ್ ಬಂತು.

ಕೋಲಾರ: ಎಲ್ಲಿಂದ? ಲೋನ್ ಕೊಡುವವರಿಂದಲಾ?

ಬೆಟಗೇರಿ: ಅಯ್ಯನವರೇ, ಗಿದ್ಯೋನ ಉಣ್ಣೆ ಇಟ್ಟು ಗುರುತು ಕೇಳಿದ ಹಾಗೆ ನಾನೂ ಕೇಳಬಹುದೇ? ಈ ತಿಂಗಳ ಕೊನೆಯೊಳಗೆ ಕೆಲಸ ಸಿಗದಿದ್ದರೆ ಸೇವೆಗೆ ಕರೆಯುತ್ತಿದ್ದಾನೆ ಎಂದುಕೊಳ್ಳುತ್ತೇನೆ.

ಅಯ್ಯನವರು: ಗಿದ್ಯೋನ ಉಣ್ಣೆ ಹಾಸಿದ್ದು ಕರೆ ಸಿಕ್ಕ ಮೇಲೆ, ನಂಬಿಕೆ ಸಾಲದೆ. ಕೆಲಸ ಸಿಗದಿರುವುದು ಕರೆಯಲ್ಲ ತಮ್ಮಾ. ಅದಕ್ಕೆ ನಿರುದ್ಯೋಗ ಎನ್ನುತ್ತಾರೆ. ಅರ್ಜಿ ಹಾಕುತ್ತಾ ಇರಿ.

ನಂಜನಗೂಡು 31: ಅಯ್ಯನವರೇ, ನನ್ನ ಹೆಸರು ಬೇಡ. ವಯಸ್ಸು 31. ಇಲ್ಲಿನ ಒಂದು ಫ್ಯಾಕ್ಟರಿಯಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದೆ. ಎರಡು ವರ್ಷದ ಹಿಂದೆ ಒಂದು ಪ್ರಾರ್ಥನಾ ಕೂಟದಲ್ಲಿ ಹೊರಗಿನಿಂದ ಬಂದ ಪ್ರವಾದಿಯೊಬ್ಬರು ನನ್ನ ತಲೆ ಮೇಲೆ ಕೈ ಇಟ್ಟು 'ನಿನ್ನ ಬಲೆ ಬಿಟ್ಟು ಬಾ' ಎಂದರು. ಆ ತಿಂಗಳೇ ಕೆಲಸ ಬಿಟ್ಟೆ. ಎಲ್ಲಿಗೆ ಹೋಗಬೇಕು ಎಂದು ದೇವರು ತೋರಿಸುವವರೆಗೆ ಬೇರೆ ಕೆಲಸ ಹಿಡಿಯಬಾರದು ಎಂದೂ ಅವರು ಹೇಳಿದ್ದರು. ಕಾಯುತ್ತಿದ್ದೇನೆ. ಹೆಂಡತಿ ಬ್ಲೌಸ್ ಹೊಲಿಯುತ್ತಾಳೆ. ಮಗಳಿಗೆ ನಾಲ್ಕು ವರ್ಷ. ಬಾಡಿಗೆ ಮೂರು ತಿಂಗಳು ಬಾಕಿ. ಒಡವೆ ಅಡವಿಟ್ಟಾಗಿದೆ. ನನಗೆ ಶುಗರ್ ಇದೆ. ಮಾತ್ರೆ ನುಂಗಿದರೆ ಅಪನಂಬಿಕೆ ಎಂದು ಬಿಟ್ಟಿದ್ದೇನೆ. ಈಗ 40 ದಿನದ ಉಪವಾಸ, ರಾತ್ರಿ ಒಂದು ಹೊತ್ತು ಮಾತ್ರ ಊಟ. ಯೆಶಾಯ 40:31 ಹಿಡಿದುಕೊಂಡೇ ಇದ್ದೇನೆ. ಇನ್ನೂ ಯಾಕೆ ಬಾಗಿಲು ತೆರೆದಿಲ್ಲ? ನನ್ನ ನಂಬಿಕೆ ಎಲ್ಲಿ ಕಡಿಮೆಯಾಗಿದೆ?

ಅಯ್ಯನವರು: ಉಳಿದವರು ಸ್ವಲ್ಪ ಕಾಯಿರಿ.

ಅಪ್ಪಾ, ಮೊದಲು ಆರೋಗ್ಯ. ಮಾತ್ರೆ ಬಿಟ್ಟು ಎಷ್ಟು ದಿನ ಆಯಿತು? ಬಾಯಾರಿಕೆ ಜಾಸ್ತಿಯಾಗಿದೆಯೇ? ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ? ಇವತ್ತೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ನಾಳೆ ಅಲ್ಲ, ಇವತ್ತು. ಹಳೇ ಮಾತ್ರೆಯನ್ನು ನೀವೇ ಮನೆಯಲ್ಲಿ ಶುರು ಮಾಡಲೂ ಬೇಡಿ. ಹೊಟ್ಟೆ ಖಾಲಿ ಇಟ್ಟುಕೊಂಡು ಕೆಲವು ಶುಗರ್ ಮಾತ್ರೆ ನುಂಗಿದರೆ ಸಕ್ಕರೆ ಒಂದೇ ಸಲ ಇಳಿದು ತಲೆ ತಿರುಗಿ ಬೀಳುತ್ತೀರಿ. ಉಪವಾಸದ ವಿಷಯ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಲೂಕನೂ ವೈದ್ಯನೇ. ಪೌಲ ಅವನನ್ನು ಪ್ರಿಯ ವೈದ್ಯ ಎಂದು ಕರೆದ, ಅಪನಂಬಿಕೆಯವನು ಎಂದು ಕರೆಯಲಿಲ್ಲ.

ಇನ್ನು ಆ 'ಬಲೆ ಬಿಟ್ಟು ಬಾ'. ಮೀನು ಹಿಡಿಯುತ್ತಿದ್ದ ಪೇತ್ರ ಬಲೆ ಬಿಟ್ಟದ್ದು ನಿಜ. ಆದರೆ ಬಿಡಿಸಿದ ಯೇಸು ದಡದಲ್ಲೇ ನಿಂತಿದ್ದ. ಬಾ ಎಂದವನು ಎಲ್ಲಿಗೆ ಎಂದು ತಾನೇ ಮುಂದೆ ನಡೆದು ತೋರಿಸಿದ. ಬಲೆ ಬಿಟ್ಟು ಮನೆಯಲ್ಲಿ ಕೂತು ಕಾಯಿ ಎನ್ನಲಿಲ್ಲ. ಮಾರ್ಕನ ಮೊದಲ ಅಧ್ಯಾಯದಲ್ಲಿ ಮುಂದೇನಿದೆ ನೋಡಿ. ಬಲೆ ಬಿಡಿಸಿದ ಯೇಸು ಪೇತ್ರನ ಮನೆಗೇ ಹೋಗುತ್ತಾನೆ. ಜ್ವರದಲ್ಲಿ ಮಲಗಿದ್ದ ಅವನ ಅತ್ತೆಯನ್ನು ಎಬ್ಬಿಸುತ್ತಾನೆ. ಶಿಷ್ಯನನ್ನು ಕರೆದವನಿಗೆ ಶಿಷ್ಯನ ಮನೆ ಹೇಗಿದೆ ಎಂಬ ಕಾಳಜಿ ಇತ್ತು. ನಿಮ್ಮನ್ನು ಕರೆದ ಪ್ರವಾದಿ ಈ ಎರಡು ವರ್ಷದಲ್ಲಿ ನಿಮ್ಮ ಮನೆ ಬಾಗಿಲಿಗೆ ಬಂದಿದ್ದಾರೆಯೇ? ಒಂದು ಫೋನ್ ಆದರೂ?

ಕಾದವರು ಕೈಕಟ್ಟಿ ಕೂತಿದ್ದರು ಎಂದು ನಮಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ. ಮೋಶೆ ಮಿದ್ಯಾನಿನಲ್ಲಿ ಮಾವನ ಕುರಿ ಮೇಯಿಸುತ್ತಿದ್ದ. ಫರೋಹನ ಮುಂದೆ ನಿಂತಾಗ ಅವನಿಗೆ 80. ದಾವೀದನ ತಲೆಗೆ ಸಮುವೇಲ ಎಣ್ಣೆ ಹೊಯ್ದ ಮೇಲೂ ಅವನು ಕುರಿಗಳ ಹತ್ತಿರವೇ ಇದ್ದ. ರಾಜ ಸೌಲನ ಆಳುಗಳು ಅವನನ್ನು ಕರೆಯಲು ಬಂದಾಗಲೂ ಅಲ್ಲೇ ಇದ್ದ. ಎಲೀಷ ಹೊಲ ಉಳುತ್ತಿದ್ದಾಗ ಪ್ರವಾದಿ ಎಲೀಯ ಬಂದು ಕಂಬಳಿ ಹೊದಿಸಿ ಕರೆದ. ಎತ್ತು ಕೊಯ್ದು ಊರಿಗೆ ಊಟ ಹಾಕಿದ್ದು ಆಮೇಲೆ, ಎಲೀಯನ ಹಿಂದೆ ಹೊರಡುವ ದಿನ. ಪೌಲನೋ, ಕರೆ ಬಂದು ಎಷ್ಟೋ ವರ್ಷವಾದ ಮೇಲೂ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿ ಗುಡಾರ ಹೊಲಿಯುತ್ತಿದ್ದ. ಹೊಲಿಯುತ್ತಿದ್ದ ಎಂದೆ. ನಿಮ್ಮ ಮನೆಯಲ್ಲಿ ಈಗ ಪೌಲನ ಕೆಲಸ ಮಾಡುತ್ತಿರುವುದು ನಿಮ್ಮ ಹೆಂಡತಿ.

ಯೆಶಾಯ 40:31 ನನಗೂ ಪ್ರಿಯವಾದ ವಚನ. ಯೆಹೋವನನ್ನು ನಿರೀಕ್ಷಿಸುವವರು ಹದ್ದಿನ ಹಾಗೆ ಏರುತ್ತಾರೆ, ಓಡಿ ದಣಿಯುವುದಿಲ್ಲ, ನಡೆದು ಬಳಲುವುದಿಲ್ಲ ಎಂದಿದೆ. ಏರುವುದು, ಓಡುವುದು, ನಡೆಯುವುದು. ಕೂರುವುದು ಅದರಲ್ಲಿಲ್ಲ.

ಈಗ ಕಷ್ಟದ ಮಾತು. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಎಂದು ಪೌಲ ಬರೆದದ್ದು ತಿಮೊಥೆಯನಿಗೆ. ಸೇವೆ ಮಾಡುತ್ತಿದ್ದ ಹುಡುಗನಿಗೇ. 1 ತಿಮೊಥೆಯ 5:8. ನಿಮ್ಮ ಅರ್ಜಿ ನಮ್ಮ ಸಮಿತಿಯ ಮುಂದೆ ಬಂದಿದ್ದರೆ ನಾವು ಮೊದಲು ನಿಮ್ಮ ಮನೆಯಾಕೆಯನ್ನು ಒಳಗೆ ಕರೆದು ಕೂರಿಸಿ ಕೇಳುತ್ತಿದ್ದೆವು. ಇದನ್ನು ನಿಮ್ಮ ಮೇಲೆ ಕಲ್ಲು ಎಸೆಯಲು ಹೇಳುತ್ತಿಲ್ಲ. ನಿಮಗೆ ನಂಬಿಕೆ ಕಡಿಮೆಯಾಗಿಲ್ಲ. ಇನ್ನೊಬ್ಬರ ಮಾತಿನ ಮೇಲೆ ಅದು ಜಾಸ್ತಿಯಾಗಿದೆ.

ಸೋಮವಾರ ಹಳೇ ಫ್ಯಾಕ್ಟರಿಗೆ ಫೋನ್ ಮಾಡಿ. ಕೆಲಸಕ್ಕೆ ಸೇರಿದರೆ ಕರೆ ಹಾರಿಹೋಗುವುದಿಲ್ಲ. ಹಾರಿಹೋದರೆ ಅದು ಕರೆ ಆಗಿರಲೇ ಇಲ್ಲ.

ಒಂದು ಪ್ರಶ್ನೆ ಉಳಿಯಿತು. ಒಡವೆ ಅಡವಿಟ್ಟ ದುಡ್ಡು ಎಲ್ಲಿಗೆ ಹೋಯಿತು?

ಸ್ಟಾಫ್ ನರ್ಸ್, ಹುಬ್ಬಳ್ಳಿ: ನಂಜನಗೂಡಿನ ಅಣ್ಣನವರೇ, ವಾಂತಿ, ಹೊಟ್ಟೆನೋವು, ಉಸಿರಲ್ಲಿ ಹಣ್ಣಿನಂಥ ವಾಸನೆ, ಏದುಸಿರು, ಇದರಲ್ಲಿ ಯಾವುದಾದರೂ ಇದ್ದರೆ ಲ್ಯಾಬಿಗೆ ಹೋಗಿ ಸಮಯ ಕಳೆಯಬೇಡಿ. ನೇರ ಎಮರ್ಜೆನ್ಸಿಗೆ ಹೋಗಿ. ಮೂತ್ರದಲ್ಲಿ ಕೀಟೋನ್ ಇದೆಯೇ ನೋಡಲು ಹೇಳಿ.

ಶಿವಮೊಗ್ಗ ಅಗ್ನಿ: ಅಯ್ಯನವರಿಗೆ ಗೌರವದಿಂದಲೇ ಹೇಳುತ್ತೇನೆ. ಪ್ರವಾದನೆಯನ್ನು ಹೀನೈಸಬೇಡಿರಿ ಎಂದು 1 ಥೆಸಲೋನಿಕ 5:20ರಲ್ಲಿದೆ.

ಅಯ್ಯನವರು: ಇದೆ. 21ನೇ ವಚನವೂ ಇದೆ. ಎಲ್ಲವನ್ನೂ ಪರೀಕ್ಷಿಸಿ.

ಕೊಪ್ಪಳ ಎಂಎಸ್ಸಿ: ಅಯ್ಯನವರೇ, ನಾನು ಹೆಣ್ಣುಮಗಳು, 27 ವರ್ಷ. ಹತ್ತು ವರ್ಷದಿಂದ ಸಂಡೇ ಸ್ಕೂಲ್ ನಡೆಸುತ್ತಿದ್ದೇನೆ. ಥಿಯಾಲಜಿ ಓದಬೇಕೆಂಬ ಆಸೆ. ನಮ್ಮ ಸ್ವತಂತ್ರ ಸಭೆಯಲ್ಲಿ ಹೆಣ್ಣಿಗೆ ಕರೆ ಬರುವುದಿಲ್ಲ, ಬೇಕಾದರೆ ಪಾಸ್ಟರನ್ನು ಮದುವೆಯಾಗು ಎಂದರು.

ಅಯ್ಯನವರು: ಸಭೆಯ ಸೇವಕಿ ಎಂದು ಪೌಲ ಹೆಸರಿಸಿದ ಫೊಯಿಬೆ ಯಾವ ಪಾಸ್ಟರನ್ನು ಮದುವೆಯಾಗಿದ್ದಳು ಎಂದು ಅವರನ್ನು ಕೇಳಿ. ರೋಮಾಪುರ 16:1. ಸಿಎಸ್‌ಐ ಸಭೆಯಲ್ಲಿ ಹೆಣ್ಣುಮಕ್ಕಳಿಗೆ ಗುರುದೀಕ್ಷೆ, ಅಂದರೆ ಪಾದ್ರಿಯಾಗುವ ದೀಕ್ಷೆ, ಶುರುವಾದದ್ದು 1976ರಲ್ಲಿ. 2013ರಲ್ಲಿ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪ್ ಆದರು. ದಾರಿ ಇದೆ ತಾಯಿ, ಆದರೆ ಸಲೀಸಾಗಿಲ್ಲ. ಓದುವುದಕ್ಕೆ ಗುರುದೀಕ್ಷೆಯ ಭರವಸೆ ಬೇಕಿಲ್ಲ. ಓದಿ. ನಿಮ್ಮ ಸಭೆ ಶಿಫಾರಸು ಕೊಡದಿದ್ದರೆ ಏನು ಮಾಡಬಹುದು ಎಂದು ಖಾಸಗಿಯಾಗಿ ಬರೆಯಿರಿ.

ಶಿವಮೊಗ್ಗ ಅಗ್ನಿ: ಹೆಂಗಸು ಉಪದೇಶ ಮಾಡಬಾರದು ಎಂಬ 1 ತಿಮೊಥೆಯ 2:12 ನಿಮ್ಮ ಬೈಬಲಿನಲ್ಲಿ ಇಲ್ಲವೇ?

ಕೊಪ್ಪಳ ಎಂಎಸ್ಸಿ: ಇದೆ ಅಣ್ಣಾ. ಹೆಂಗಸರು ಜಡೆಯಲ್ಲಿ ಚಿನ್ನ ಹಾಕಬಾರದು ಎಂದೂ ಅದೇ ಅಧ್ಯಾಯದಲ್ಲಿದೆ. ನಿಮ್ಮ ಮನೆಯಲ್ಲಿ ಮದುವೆಗೆ ಪಾಲಿಸಿದಿರಾ?

ಶಿವಮೊಗ್ಗ ಅಗ್ನಿ: ವಿಷಯ ಬೇರೆ ಕಡೆ ತಿರುಗಿಸಬೇಡಿ. ಅಷ್ಟಕ್ಕೂ ಈ ಥಿಯಾಲಜಿ ಕಾಲೇಜುಗಳೇ ಯಾಕೆ ಬೇಕು? ಪೇತ್ರ ಯಾವ ಕಾಲೇಜಿನಲ್ಲಿ ಓದಿದ? ಆತ್ಮನ ಅಭಿಷೇಕ ಸಾಕು. ಕಾಲೇಜಿಗೆ ಹೋದವರು ನಂಬಿಕೆ ಕಳೆದುಕೊಂಡು ಬರುತ್ತಾರೆ.

ಬಲ್ಮಠದ ಹಳೇ ವಿದ್ಯಾರ್ಥಿ: ಪೇತ್ರ ಯೇಸುವಿನ ಜೊತೆ ಹಗಲು ರಾತ್ರಿ ಇದ್ದು ಕಲಿತ. ಅದಕ್ಕಿಂತ ದೊಡ್ಡ ಹಾಸ್ಟೆಲ್ ಯಾವುದು? ಪೌಲ ಗಮಲಿಯೇಲನ ಪಾದದಲ್ಲಿ ಕಲಿತವನು. ಕರೆ ಬಂದ ಕೂಡಲೇ ಅವನೂ ಯೆರೂಸಲೇಮಿಗೆ ಓಡಲಿಲ್ಲ. ಅರಬಸ್ಥಾನಕ್ಕೆ ಹೋದ, ಮೂರು ವರ್ಷದ ಮೇಲೆ ಪೇತ್ರನನ್ನು ಕಂಡ. ನಮ್ಮ ನೆಲದ ಕಥೆಯನ್ನೇ ತೆಗೆದುಕೊಳ್ಳಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅಲ್ಲಿನ ಬಲ್ಮಠದ ಸೆಮಿನರಿ, ಅಂದರೆ ಪಾದ್ರಿಗಳ ತರಬೇತಿ ಶಾಲೆ, ಶುರುವಾದದ್ದು 1847ರಲ್ಲಿ. ಆನಂದರಾವ್ ಕೌಂಡಿನ್ಯ ಮಂಗಳೂರಿನಲ್ಲಿ ದೀಕ್ಷಾಸ್ನಾನ ಪಡೆದದ್ದು 1844ರಲ್ಲಿ. ಬಾಸೆಲಿಗೆ ಹೋಗಿ ಓದಿ ಗುರುದೀಕ್ಷೆ ಪಡೆದದ್ದು 1851ರಲ್ಲಿ. ಮನೆ, ಜಾತಿ ಎಲ್ಲ ಬಿಟ್ಟು ಬಂದವನನ್ನೇ ಅಷ್ಟು ವರ್ಷ ಓದಿಸಿದರು. ಕೂಟದಲ್ಲಿ ಒಮ್ಮೆ ಅತ್ತವನಿಗೆ ಮರುದಿನ ಮೈಕ್ ಕೊಡಲಿಲ್ಲ.

ಶಿವಮೊಗ್ಗ ಅಗ್ನಿ: ಓದಿದವರ ಸಭೆಗಳಲ್ಲಿ ಆಸ್ತಿ ಕೇಸು ಎಷ್ಟು ನಡೆಯುತ್ತಿವೆ ಎಂದು ಲೆಕ್ಕ ಕೊಡಿ, ಆಮೇಲೆ ಮೈಕಿನ ಮಾತು.

ಬಲ್ಮಠದ ಹಳೇ ವಿದ್ಯಾರ್ಥಿ: ನಿಮ್ಮವರ ಕಾಣಿಕೆ ಲೆಕ್ಕ ಯಾರಾದರೂ ನೋಡಿದ್ದಾರಾ? ನಮ್ಮಲ್ಲಿ ಕೇಸು ಹಾಕುವುದಕ್ಕಾದರೂ ಒಂದು ಪುಸ್ತಕ ಇರುತ್ತದೆ.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಮೊದಲೇ ಹೇಳಿದ್ದೆ.

ಚಾಮರಾಜನಗರ: ಅಯ್ಯನವರೇ, ಥಿಯಾಲಜಿ ಕೋರ್ಸ್ ಎಷ್ಟು ವರ್ಷ? ಎಲ್ಲಿ ಓದಬೇಕು? ವಯಸ್ಸಿನ ಮಿತಿ ಇದೆಯೇ?

ಅಯ್ಯನವರು: ಪದವಿ ಮುಗಿಸಿದವರಿಗೆ ಬಿ.ಡಿ. (ಬ್ಯಾಚಲರ್ ಆಫ್ ಡಿವಿನಿಟಿ) ನಾಲ್ಕು ವರ್ಷ. ಕನ್ನಡದಲ್ಲಿ ಓದಲು ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು, ಇಂಗ್ಲಿಷಿನಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು. ಎರಡೂ ಥಿಯಾಲಜಿ ಪದವಿ ಕೊಡುವ ಸೆರಾಂಪುರದ ಸೆನೆಟ್‌ಗೆ ಸೇರಿದವು. ವಯಸ್ಸಿನ ಉತ್ತರ ಮೇಲಿದೆ.

ಮಡಿಕೇರಿ: ಒಂದು ಮುಜುಗರದ ಪ್ರಶ್ನೆ. ಸೇವೆಗೆ ಹೋಗುತ್ತೇನೆ ಎಂದರೆ ಯಾರೂ ಹೆಣ್ಣು ಕೊಡುತ್ತಿಲ್ಲ. ಮೊದಲು ಮದುವೆಯೋ, ಮೊದಲು ಸೆಮಿನರಿಯೋ?

ಹಾಸನ 24: ಅಯ್ಯನವರೇ, ನನ್ನದು ಉಲ್ಟಾ. ಹುಟ್ಟಿದಾಗ ನನಗೆ ಕಾಯಿಲೆ ಬಂದು ಬದುಕುವುದಿಲ್ಲ ಎಂದರಂತೆ. ಬದುಕಿದರೆ ಸೇವೆಗೆ ಕೊಡುತ್ತೇನೆ ಎಂದು ಅಮ್ಮ ಹರಕೆ ಹೊತ್ತರು. ಈಗ ನಾನು ಎಲೆಕ್ಟ್ರಿಷಿಯನ್. ಕೆಲಸ ಇಷ್ಟ. ಸೇವೆಯ ಆಸೆ ಒಂದು ಚೂರೂ ಇಲ್ಲ. ಮನೆಯಲ್ಲಿ ಯಾರಿಗೆ ನೆಗಡಿ ಬಂದರೂ ಹರಕೆ ತೀರಿಸದ್ದಕ್ಕೆ ಎನ್ನುತ್ತಾರೆ. ಕರೆ ಇಲ್ಲದವನು ಕಾಯಬೇಕೇ?

ಅಯ್ಯನವರು: ನಿಮ್ಮ ಅಮ್ಮನ ಮೇಲೆ ಕೋಪ ಬೇಡ. ಆಸ್ಪತ್ರೆ ವರಾಂಡದಲ್ಲಿ ಕೂತ ತಾಯಿ ಏನು ಬೇಕಾದರೂ ಕೊಡುತ್ತೇನೆ ಎನ್ನುತ್ತಾಳೆ. ಹನ್ನಳೂ ಹಾಗೇ ಹರಕೆ ಹೊತ್ತಳು, ಸಮುವೇಲನನ್ನು ತಂದು ಬಿಟ್ಟಳು. ಆದರೆ ಮಗನನ್ನು ಹೆಸರು ಹಿಡಿದು ಕರೆದದ್ದು ದೇವರು, ಹನ್ನಳಲ್ಲ. ತಾಯಿ ಬಾಗಿಲ ತನಕ ತಂದು ಬಿಡಬಹುದು, ಅಷ್ಟೇ.

ಹರಕೆಯ ಭಯ ಇರುವವರು ಯಾಜಕಕಾಂಡ 27 ಓದುವುದೇ ಇಲ್ಲ. ಮನುಷ್ಯರನ್ನು ಹರಕೆ ಹೊತ್ತರೆ ಬದಲಿಗೆ ಇಷ್ಟು ಬೆಳ್ಳಿ ಕೊಟ್ಟು ಬಿಡಿಸಿಕೊಳ್ಳಬಹುದು ಎಂದು ಅಲ್ಲಿ ಪಟ್ಟಿಯೇ ಇದೆ. 20ರಿಂದ 60 ವರ್ಷದ ಗಂಡಸಿಗೆ 50 ಶೆಕೆಲ್. ಕೊಡಲಾಗದ ಬಡವನಿಗೆ ಯಾಜಕ ಕಡಿಮೆ ಮಾಡಬೇಕು ಎಂದೂ ಇದೆ. ಹರಕೆಗೆ ಮಗನ ಜೀವನವನ್ನೇ ಹಿಡಿದಿಟ್ಟುಕೊಳ್ಳುವ ದೇವರಲ್ಲ ಅವನು. ಅಮ್ಮನನ್ನು ನಿಮ್ಮ ಸಭಾಪಾಲಕರ ಹತ್ತಿರ ಕರೆದುಕೊಂಡು ಹೋಗಿ. ಕೃತಜ್ಞತೆಯ ಕಾಣಿಕೆ ಕೊಟ್ಟು, ಪ್ರಾರ್ಥನೆ ಮಾಡಿಸಿ, ಅವರ ಮನಸ್ಸಿನ ಭಾರ ಇಳಿಸಿ. ನೆಗಡಿಗೆ ಕಷಾಯ ಕುಡಿಯಿರಿ. ಆಸೆ ಇಲ್ಲದವನನ್ನು ಪೀಠ ಹತ್ತಿಸಿದರೆ ಆಮೇಲೆ ಅನುಭವಿಸುವುದು ಸಭೆ. ಅಂಥವರ ಜಾಗಕ್ಕೆ ನನಗೆ ವರ್ಗವಾಗಿತ್ತು, ಅದು ಬೇರೆ ಕಥೆ. ನಿಮ್ಮ ಚರ್ಚಿನ ವೈರಿಂಗ್ ಹೇಗಿದೆ? ನಾನು ನೋಡಿದ ಅರ್ಧ ಚರ್ಚುಗಳಲ್ಲಿ ಮೈನ್ ಬೋರ್ಡ್ ಭಯ ಹುಟ್ಟಿಸುವಂತಿತ್ತು.

ಹಾಸನ 24: ಅರ್ಥಿಂಗ್ ಇಲ್ಲ ಅಯ್ಯನವರೇ. ನಾಳೆಯೇ ನೋಡುತ್ತೇನೆ.

ಜೆಪ್ಪು: ನಾವು ಕಥೊಲಿಕರು. ತಮ್ಮ ಗುರುವಾಗಬೇಕು ಎನ್ನುತ್ತಾನೆ, ಆಮೇಲೆ ಬೇಡ ಎನ್ನುತ್ತಾನೆ. ಮತ್ತೆ ಬೇಕು ಎನ್ನುತ್ತಾನೆ. ಏನು ಮಾಡಲಿ?

ಬಜ್ಪೆ: ಅಯ್ಯನವರಿಗೆ ಬಿಡುವಿಲ್ಲದ ಹಾಗಿದೆ, ನಾನು ಹೇಳುತ್ತೇನೆ. ನಿಮ್ಮ ಚರ್ಚಿನ ಫಾದರನ್ನೇ ಕೇಳಿ. ಗುರುಮಠದ ತರಬೇತಿಗೆ ಏಳೆಂಟು ವರ್ಷಕ್ಕೂ ಜಾಸ್ತಿ ಹಿಡಿಯುತ್ತದೆ, ಬೇಡ ಎನ್ನಲು ನಡುವೆ ಬೇಕಾದಷ್ಟು ಸಮಯ ಇರುತ್ತದೆ. ಸಂತ ಇಗ್ನೇಷಿಯಸ್ ಒಂದು ನಿಯಮ ಹೇಳಿದ್ದಾರೆ. ಮನಸ್ಸು ಕುಗ್ಗಿದ ದಿನ ಹಿಂದಿನ ತೀರ್ಮಾನ ಬದಲಾಯಿಸಬಾರದು. ತಮ್ಮ ಯಾವ ದಿನ ಬೇಡ ಎನ್ನುತ್ತಾನೆ, ಗಮನಿಸಿ.

ಮಡಿಕೇರಿ: ನನ್ನ ಪ್ರಶ್ನೆ ಕೆಳಗೆ ಹೋಯಿತು. ಮೊದಲು ಮದುವೆಯೋ, ಸೆಮಿನರಿಯೋ?

ನಂಜನಗೂಡು 31: ಅಯ್ಯನವರೇ, ಇಷ್ಟು ಜನರ ಮುಂದೆ ಹೀಗೆ ಹೇಳಬಾರದಿತ್ತು. ಧೈರ್ಯ ಕೊಡುತ್ತೀರಿ ಎಂದುಕೊಂಡು ಬರೆದೆ. ಲೋಕದವರು ಹೇಳುವುದನ್ನೇ ನೀವೂ ಹೇಳಿದಿರಿ. ಅಬ್ರಹಾಮನೂ ಎಲ್ಲಿಗೆ ಎಂದು ಗೊತ್ತಿಲ್ಲದೇ ಹೊರಟ.

ಅಯ್ಯನವರು: ಹೊರಟ. ಹೆಂಡತಿಯನ್ನೂ, ಸಹೋದರನ ಮಗನನ್ನೂ, ದನಕರುಗಳನ್ನೂ ಕರೆದುಕೊಂಡು ಹೊರಟ. ನೀವು ಹೊರಟಿಲ್ಲ ಅಪ್ಪಾ, ನಿಂತಿದ್ದೀರಿ. ಬೈಯಿರಿ ಪರವಾಗಿಲ್ಲ. ಆಸ್ಪತ್ರೆಗೆ ಹೋದಿರಾ?

ಶಿವಮೊಗ್ಗ ಅಗ್ನಿ: ಬ್ರದರ್, ಕುಗ್ಗಬೇಡಿ. ಕಷ್ಟದಲ್ಲಿದ್ದ ಯೋಬನನ್ನೇ ದೂರಿದ ಅವನ ಸ್ನೇಹಿತರೂ ಹೀಗೇ ಮಾತಾಡಿದರು. ಶೋಧನೆಯ ಕೊನೆಯ ಹಂತ ಇದು. ಉಪವಾಸ ಮುರಿಯಬೇಡಿ.

ಸ್ಟಾಫ್ ನರ್ಸ್, ಹುಬ್ಬಳ್ಳಿ: ಅಗ್ನಿಯವರೇ, ನಾಳೆ ಅವರಿಗೆ ಏನಾದರೂ ಆದರೆ ಆ ಮಗುವಿನ ಸ್ಕೂಲ್ ಫೀಸ್ ನೀವು ಕಟ್ಟುತ್ತೀರಾ? ಉಪವಾಸ ಮುರಿಯಬೇಡಿ ಎಂದು ಕೂತಲ್ಲಿಂದ ಟೈಪ್ ಮಾಡುವುದು ಸುಲಭ. ಶುಗರ್ ಮಾತ್ರೆ ಬಿಟ್ಟು ಬರುವವರ ಡ್ಯೂಟಿ ನಾನು ಮಾಡಿದ್ದೇನೆ, ನೀವು ಮಾಡಿಲ್ಲ.

ಶಿವಮೊಗ್ಗ ಅಗ್ನಿ: ಡಾಕ್ಟರುಗಳ ಮೇಲೆ ಇರುವ ನಂಬಿಕೆಯಲ್ಲಿ ಅರ್ಧ ದೇವರ ಮೇಲೆ ಇದ್ದಿದ್ದರೆ...

ಅಯ್ಯನವರು: ಶಿವಮೊಗ್ಗದವರೇ, ಸಾಕು. ಸುಮ್ನೆ ಇರಿ. ಒಬ್ಬರ ಜೀವದ ವಿಷಯ ಇದು. ನಿಮ್ಮ ಮನೆಯಲ್ಲಿ ನೀವು ಬೇಕಾದಷ್ಟು ದಿನ ಉಪವಾಸ ಮಾಡಿ. ಇನ್ನೊಬ್ಬರ ಹೊಟ್ಟೆಯ ಮೇಲೆ ಪ್ರವಾದನೆ ಹೇಳಬೇಡಿ. ಮತ್ತೊಮ್ಮೆ ಬರೆದರೆ ನಾನೇ ಗುಂಪು ಬಿಡುತ್ತೇನೆ.

ರಾಯಚೂರು: ಅಯ್ಯನವರೇ, ವಯಸ್ಸಿನ ಮಿತಿ 35 ಎಂದು ಕೇಳಿದ್ದೇನೆ, ನಿಜವೇ?

ಅಯ್ಯನವರು: ಮೇಲೆ ಓದಿ.

ನಂಜನಗೂಡು 31: ನಮಸ್ಕಾರ ಅಯ್ಯನವರೇ. ನಾನು ಇವರ ಹೆಂಡತಿ. ಇವರು ಬಚ್ಚಲಲ್ಲಿದ್ದಾರೆ, ಇವರ ಫೋನಿನಲ್ಲೇ ಬರೆಯುತ್ತಿದ್ದೇನೆ. ನೀವು ಕೇಳಿದ್ದಕ್ಕೆ ಇವರು ಉತ್ತರ ಕೊಡಲಿಲ್ಲ. ಅಡವಿನ ದುಡ್ಡಲ್ಲಿ ಅರ್ಧ ಬಾಡಿಗೆಗೆ ಹೋಯಿತು. ಅರ್ಧ ಆ ಪ್ರವಾದಿಯವರ ದೊಡ್ಡ ಕೂಟಕ್ಕೆ ಬೀಜದ ಕಾಣಿಕೆ ಎಂದು, ಬಿತ್ತಿದರೆ ದೇವರು ಹೆಚ್ಚಾಗಿ ಕೊಡುತ್ತಾನೆ ಎಂದು ಕೊಟ್ಟರು. ನಾನು ಬೇಡ ಎಂದೆ. ದೇವರನ್ನು ದೂಷಿಸು ಎಂದು ಗಂಡನಿಗೆ ಹೇಳಿದ ಯೋಬನ ಹೆಂಡತಿ ನೀನು ಎಂದರು. ರಾತ್ರಿ ಐದಾರು ಸಲ ಏಳುತ್ತಾರೆ. ಬಿಂದಿಗೆ ನೀರು ಖಾಲಿಯಾಗುತ್ತದೆ. ಪ್ಯಾಂಟಿಗೆಲ್ಲ ನಾನು ಹೊಸದಾಗಿ ಹೊಲಿಗೆ ಹಾಕಿದ್ದೇನೆ, ಅಷ್ಟು ಇಳಿದಿದ್ದಾರೆ.

ಆದರೆ ಇವರಿಗೆ ಕರೆಯೇ ಇಲ್ಲ ಎಂದು ನಾನು ಹೇಳುವುದಿಲ್ಲ. ಸಂಜೆ ಬೀದಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಲೆಕ್ಕ ಹೇಳಿಕೊಡುತ್ತಾರೆ, ಕೊನೆಗೆ ಬೈಬಲಿನ ಒಂದು ಕಥೆ. ಪಕ್ಕದ ಮನೆಯ ಅಜ್ಜಿಗೆ ನೋವು ಜಾಸ್ತಿಯಾದರೆ ಮೊದಲು ಇವರನ್ನೇ ಕರೆಯುತ್ತಾರೆ. ಫ್ಯಾಕ್ಟರಿಯಲ್ಲಿ ಇದ್ದಾಗಲೂ ಹಾಗೇ ಇದ್ದರು. ಆಗ ನಮ್ಮ ಮನೆಯಲ್ಲಿ ನಗು ಇತ್ತು.

ಅಯ್ಯನವರು: ಅಮ್ಮಾ, ನೀವು ಬರೆದದ್ದು ಒಳ್ಳೆಯದಾಯಿತು. ಮೊದಲು ಅವರನ್ನು ಆಟೋ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬರುವುದಿಲ್ಲ ಎಂದರೆ ನನಗೆ ಫೋನ್ ಮಾಡಿ, ನಂಬರ್ ಖಾಸಗಿಯಾಗಿ ಕಳಿಸುತ್ತೇನೆ.

ನೀವು ಯೋಬನ ಹೆಂಡತಿಯಲ್ಲ. ಮೂರ್ಖ ಗಂಡ ನಾಬಾಲನ ಮನೆಯನ್ನು ಉಳಿಸಿದ ಅಬೀಗೈಲಳ ಕಥೆ ಅವರಿಗೆ ಓದಿ ಹೇಳಿ. ಬೇಡ, ನಾಬಾಲ ಎಂದರೆ ಮತ್ತೆ ಜಗಳವಾದೀತು. ಆಸ್ಪತ್ರೆಗೆ ಹೋಗಿ, ಅಷ್ಟು ಸಾಕು.

ಅವರಿಗೆ ಕರೆ ಇದೆಯೇ ಎಂದು ಕೇಳಿದರೆ, ನನಗೆ ಈ ಗುಂಪಿನಲ್ಲಿ ಕಂಡ ಸಾಕ್ಷಿ ನಿಮ್ಮ ಮಾತೊಂದೇ. ಲೆಕ್ಕ ಹೇಳಿಕೊಡುವುದು, ಅಜ್ಜಿ ಕರೆದಾಗ ಹೋಗುವುದು. ಆ ಪ್ರವಾದಿ ಇದರಲ್ಲಿ ಒಂದನ್ನೂ ಕಂಡಿರಲಿಲ್ಲ. ಕಂಡಿದ್ದರೆ ಕೆಲಸ ಬಿಡಿಸುತ್ತಿರಲಿಲ್ಲ. ಆ ಕೂಟಕ್ಕೆ ಇನ್ನು ಒಂದು ರೂಪಾಯಿಯೂ ಹೋಗಬಾರದು.

ದಾವಣಗೆರೆ ಬ್ರದರ್: ಸಹೋದರಿಗೆ ಒಂದು ಪ್ರಾರ್ಥನೆ ಕಳಿಸಲೇ? ಶುಗರಿಗೆ ಮೆಂತ್ಯದ ನೀರಿನ ಜೊತೆ ಕೀರ್ತನೆ 103 ಹೇಳಿಕೊಂಡು...

ಸ್ಟಾಫ್ ನರ್ಸ್, ಹುಬ್ಬಳ್ಳಿ: ಬೇಡ!

ಅಡ್ಮಿನ್: ದಾವಣಗೆರೆ ಬ್ರದರನ್ನು ಒಂದು ವಾರ ಮ್ಯೂಟ್ ಮಾಡಿದ್ದೇನೆ. ಶಿವಮೊಗ್ಗದವರು ತಾವಾಗಿಯೇ ಗುಂಪು ಬಿಟ್ಟಿದ್ದಾರೆ. ಬಲ್ಮಠದವರೇ, ಅವರು ಹೋದ ಮೇಲೆ ಸ್ಟಿಕ್ಕರ್ ಹಾಕುವುದು ಬೇಡ. ರಾತ್ರಿ 8ಕ್ಕೆ ಮುಚ್ಚುತ್ತೇನೆ.

ಮಡಿಕೇರಿ: ಅಯ್ಯನವರೇ???

ತುಮಕೂರು ಬಿಕಾಂ: ನಮ್ಮ ಸಂಡೇ ಸ್ಕೂಲ್ ಟೀಚರನ್ನು ಕೇಳಿದೆ. 'ಕರೆ ಇರಬಹುದು, ಆದರೆ ಒಂದು ಭಾನುವಾರವೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ' ಎಂದರು.

ಅಯ್ಯನವರು: ಒಳ್ಳೆಯ ಟೀಚರ್.

ನಂಜನಗೂಡು 31: ಅಯ್ಯನವರೇ, ನಾನೇ ಬರೆಯುತ್ತಿದ್ದೇನೆ. ತಾಲ್ಲೂಕು ಆಸ್ಪತ್ರೆಯಲ್ಲಿದ್ದೇನೆ. ಶುಗರ್ 418. ಡ್ರಿಪ್ ಹಾಕಿದ್ದಾರೆ. ರಾತ್ರಿ ಇಲ್ಲೇ ಇರಬೇಕಂತೆ, ಇಳಿಯದಿದ್ದರೆ ಮೈಸೂರಿನ ದೊಡ್ಡಾಸ್ಪತ್ರೆಗೆ ಕಳಿಸುತ್ತಾರಂತೆ. ನೀವು ಹೇಳಿದ್ದನ್ನೆಲ್ಲ ಒಪ್ಪಿದ್ದೇನೆ ಎಂದಲ್ಲ.

ಅಯ್ಯನವರು: ಒಪ್ಪಬೇಡಿ. ಡ್ರಿಪ್ ತೆಗೆಸಬೇಡಿ, ಅಷ್ಟೇ. ನಂಜನಗೂಡಿನಲ್ಲಿ ನನಗೆ ಗೊತ್ತಿರುವ ಸಭಾಪಾಲಕರಿದ್ದಾರೆ. ಬೆಳಿಗ್ಗೆ ಆರಾಧನೆ ಮುಗಿಸಿ ಬಂದು ನೋಡುತ್ತಾರೆ. ಜಗಳ ಆಡಬೇಕೆನಿಸಿದರೆ ಅವರ ಜೊತೆ ಆಡಿ, ಅವರಿಗೆ ತಾಳ್ಮೆ ಜಾಸ್ತಿ. ಮನೆಗೆ ಬಂದ ಮೇಲೆ ಒಂದು ದಿನ ಇಬ್ಬರೂ ನನ್ನ ಹತ್ತಿರ ಬನ್ನಿ. ಅಡವಿನ ಚೀಟಿ, ಫ್ಯಾಕ್ಟರಿಯ ಅನುಭವ ಪತ್ರ, ಎರಡನ್ನೂ ತನ್ನಿ. ಬಡ್ಡಿ ಎಷ್ಟಾಗಿದೆ ಎಂದು ಮೊದಲು ನೋಡೋಣ. ಕರೆಯ ಮಾತು ಅದಾದ ಮೇಲೆ ಆಡೋಣ. ತಿಂಡಿ ತಿಂದುಕೊಂಡೇ ಬನ್ನಿ.